ಗೋದಲಿ ನಮ್ಮ ಮನೆಯಲ್ಲೇ ಇದೆ



ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ನಾವು ಕಥೋಲಿಕರು ಕೆಲವೇ ಮನೆಯವರು. ನಮ್ಮ ಮಕ್ಕಳು ಬೆಳೆಯುವುದು ಅಕ್ಕಪಕ್ಕದವರ ಹಬ್ಬಗಳ ನಡುವೆ. ಮುಂಗಾರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ, ಶ್ರಾವಣದಲ್ಲಿ ಪಂಚಮಿಯ ಜೋಕಾಲಿ ಮತ್ತು ಉಂಡಿ, ದೀಪಾವಳಿಗೆ ಆಕಾಶಬುಟ್ಟಿ, ಅದರ ಬೆನ್ನಿಗೆ ಊರಿಗೆ ಊರೇ ನೆರೆಯುವ ಹೋರಿ ಬೆದರಿಸುವ ಹಬ್ಬ. ಇಷ್ಟನ್ನೂ ಕಂಡ ಮಗು ಒಂದು ದಿನ ಅಡುಗೆಮನೆಗೆ ಬಂದು ಕೇಳುತ್ತದೆ:

"ಅವ್ವಾ, ನಮ್ಮ ಹಬ್ಬದಾಗ ನಾವು ಏನ್ ಮಾಡ್ತೀವಿ?"

"ರಾತ್ರಿ ಪೂಜೆಗೆ ಹೋಗ್ತೀವಿ, ಕೇಕ್ ತಿಂತೀವಿ."

"ಆಮ್ಯಾಲೆ?"

ಈ "ಆಮ್ಯಾಲೆ"ಗೆ ಉತ್ತರ ಕೊಡಲಾಗದೆ ಸುಮ್ಮನಾದ ತಾಯಂದಿರು ನಮ್ಮಲ್ಲಿ ಬಹಳ. ಅದು ಅವರ ತಪ್ಪಲ್ಲ. ಮಂಗಳೂರು, ಗೋವಾ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಕುಸ್ವಾರ್ ಇದೆ. ನೆವ್ರಿ, ಕಿಡಿಯೊ ಕರಿಯುವಾಗ ಅಜ್ಜಿಯ ನೆನಪು ತಾನಾಗಿ ಬರುತ್ತದೆ. ಪಕ್ಕದ ಉತ್ತರ ಕನ್ನಡದ ಸಿದ್ದಿ ಕಥೋಲಿಕರಿಗೆ ಡಮಾಮಿಯ ಹಾಡು ಕುಣಿತಗಳಿವೆ. ಅಪ್ಪನ ಕಾಲದಲ್ಲೋ ಅಜ್ಜನ ಕಾಲದಲ್ಲೋ ದೀಕ್ಷಾಸ್ನಾನ ಪಡೆದ ಇಲ್ಲಿಯ ಮನೆಗಳಿಗೆ ಅಂಥ ಹಳೆಯ ಪದ್ಧತಿ ಎಲ್ಲಿಂದ ಬರಬೇಕು? ಆದ್ದರಿಂದ ಪೇಟೆಯಿಂದ ಪ್ಲಾಸ್ಟಿಕ್ ಮರ ತರುತ್ತೇವೆ, ಅದರ ಮೇಲೆ ಹತ್ತಿಯ ಹಿಮ ಉದುರಿಸುತ್ತೇವೆ. ಬೆತ್ಲೆಹೇಮಿನಲ್ಲೇ ಹಿಮ ಬೀಳುವುದು ಅಪರೂಪ; ಹಾನಗಲ್ಲಿನ ಮಾತು ಬಿಡಿ. ಮರ ಇಡಬಾರದೆಂದು ನಾನು ಹೇಳುತ್ತಿಲ್ಲ. ರೋಮಿನ ಸಂತ ಪೇತ್ರರ ಚೌಕದಲ್ಲಿಯೇ 1982ರಿಂದ ಕ್ರಿಸ್ಮಸ್ ಮರ ನಿಲ್ಲಿಸುತ್ತಾ ಬಂದಿದ್ದಾರೆ. ಆದರೆ ನಮ್ಮ ಮಗುವಿನ ಪ್ರಶ್ನೆಗೆ ಆ ಮರ ಉತ್ತರ ಕೊಡಲಾರದು. ಉತ್ತರವನ್ನು ಶುಭಸಂದೇಶದಲ್ಲಿಯೇ ಹುಡುಕೋಣ.

ಸಂತ ಲೂಕರ ಶುಭಸಂದೇಶದ 2ನೆಯ ಅಧ್ಯಾಯವನ್ನು ತೆರೆಯಿರಿ. ಮರಿಯಮ್ಮನವರು ಶಿಶುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು, ಏಕೆಂದರೆ ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ ಎಂದು ನಾವು ಓದುತ್ತೇವೆ. ಇಲ್ಲಿ "ಛತ್ರ" ಎಂದಿರುವ ಕಡೆ ಮೂಲ ಗ್ರೀಕಿನಲ್ಲಿ "ಕತಾಲುಮಾ" ಎಂಬ ಪದವಿದೆ. ಪ್ರಭು ಯೇಸು ತಮ್ಮ ಶಿಷ್ಯರೊಡನೆ ಕಡೆಯ ಭೋಜನ ಮಾಡಿದ ಕೋಣೆಗೂ ಲೂಕರು ಇದೇ ಪದವನ್ನು ಬಳಸಿದ್ದಾರೆ (22ನೆಯ ಅಧ್ಯಾಯ). ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಹಣ ಕೊಟ್ಟು ಇಳಿದುಕೊಳ್ಳುವ ಛತ್ರ ಬರುತ್ತದಲ್ಲ, ಅಲ್ಲಿ ಅವರು ಬಳಸಿದ ಪದವೇ ಬೇರೆ. ಹೀಗಾಗಿ ಬೆತ್ಲೆಹೇಮಿನಲ್ಲಿ ತುಂಬಿಹೋಗಿದ್ದುದು ಯಾರದೋ ಮನೆಯ ಅತಿಥಿಗಳ ಕೋಣೆಯಿರಬೇಕು ಎಂದು ಹಲವು ಬೈಬಲ್ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಲ್ಲಿಯ ರೈತರ ಮನೆಗಳಲ್ಲಿ ಒಂದೇ ಸೂರಿನ ಕೆಳಗೆ ತಗ್ಗಿನಲ್ಲಿ ದನಕರು, ಎತ್ತರದಲ್ಲಿ ಮನೆಮಂದಿ, ನಡುವೆ ಮೇವಿನ ಗೋದಲಿ.

ಇದನ್ನು ಓದಿದಾಗ ನಿಮಗೆ ಯಾವ ಮನೆ ನೆನಪಾಗುತ್ತದೆ? ನಮ್ಮ ಕಡೆಯ ಹಳೆಯ ಮನೆ ಇದೇ ಅಲ್ಲವೇ? ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಪಕ್ಕದಲ್ಲಿ ಎತ್ತರದ ಪಡಸಾಲೆ, ಎತ್ತುಗಳ ಮುಂದೆ ಗ್ವಾದಲಿ. ಪಟ್ಟಣದ ಮಕ್ಕಳಿಗೆ ಗೋದಲಿ ಎಂದರೆ ಚರ್ಚಿನ ಮೂಲೆಯ ಅಲಂಕಾರ. ನಮ್ಮ ಮಕ್ಕಳಿಗೆ ಅದು ಬೆಳಗ್ಗೆ ಎದ್ದು ಹುಲ್ಲು ಹಾಕುವ ಜಾಗ. ದೇವರು ಮನುಷ್ಯರಾಗಿ ಬಂದು ಮಲಗಿದ್ದು ಅಂಥ ಜಾಗದಲ್ಲಿ ಎಂದು ಮಗುವಿಗೆ ತೋರಿಸಿ ಹೇಳಲು ಇಲ್ಲಿಯ ತಾಯಿ ಎಲ್ಲಿಗೂ ಹೋಗಬೇಕಿಲ್ಲ.

ಮೊದಲ ಗೋದಲಿಯ ಚರಿತ್ರೆಯೂ ಹೀಗೆಯೇ ಸರಳ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಗೋದಲಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಷ್ಟನ್ನೇ ತರಿಸಿದರು. ಪ್ರತಿಮೆಗಳಿರಲಿಲ್ಲ. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ, ಮನೆಮನೆಯಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಬಿಡಬೇಡಿರೆಂದು ಒಂದು ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಇನ್ನೊಂದು ಸಂಗತಿ: ಲೂಕರು ಎತ್ತನ್ನೂ ಹೇಳಿಲ್ಲ, ಕತ್ತೆಯನ್ನೂ ಹೇಳಿಲ್ಲ. ಅವೆರಡೂ ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ 1ನೆಯ ಅಧ್ಯಾಯದಿಂದ. ಎತ್ತಿಗೆ ತನ್ನ ಒಡೆಯನು ಗೊತ್ತು, ಕತ್ತೆಗೆ ತನ್ನ ಧಣಿಯ ಗೋದಲಿ ಗೊತ್ತು, ದೇವಜನರಿಗೆ ಮಾತ್ರ ತಮ್ಮ ದೇವರು ಗೊತ್ತಿಲ್ಲ ಎಂದು ಪ್ರವಾದಿ ಅಲ್ಲಿ ನೊಂದು ನುಡಿಯುತ್ತಾನೆ.

ಹಾಗಾದರೆ ಈ ವರ್ಷ ಎತ್ತನ್ನು ಅಂಗಡಿಯಿಂದ ತರಬೇಡಿ. ಮಣ್ಣೆತ್ತು ಮಾಡುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಗೆಳೆಯರ ಜೊತೆ ಕೂತು ಎಷ್ಟೋ ಸಲ ಮಾಡಿದ್ದಾರೆ. ಆಷಾಢದ ಗುಳ್ಳವ್ವನನ್ನು ಕಂಡ ಹೆಣ್ಣುಮಕ್ಕಳಿಗೆ ಮಣ್ಣಿನಲ್ಲಿ ಮುಖ ತಿದ್ದುವುದೂ ಗೊತ್ತು. ಆಗಮನ ಕಾಲದ ಮೊದಲ ಭಾನುವಾರ ಮಣ್ಣು ತಂದು ಹದ ಮಾಡಿ. ಎರಡನೆಯ ವಾರ ಎತ್ತು, ಮೂರನೆಯ ವಾರ ಕುರುಬರು ಮತ್ತು ಕುರಿಗಳು, ಕಡೆಯ ವಾರ ಮರಿಯಮ್ಮ ಮತ್ತು ಸಂತ ಜೋಸೆಫರು. ಮಕ್ಕಳ ಕೈಯಲ್ಲಿ ಕತ್ತೆ ನಾಯಿಯಂತಾದರೂ ಬಿಡಿ, ತಿದ್ದಲು ಹೋಗಬೇಡಿ. ಕಣ್ಣಿಗೆ ಗುಲಗಂಜಿ ಒತ್ತುವುದು ಚೆಂದ, ಆದರೆ ಅದು ವಿಷದ ಬೀಜ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜೋಳದ ಕಾಳೇ ಸಾಕು. ಬಾಲಯೇಸುವನ್ನು ಮಾತ್ರ ಮನೆಯ ಹಿರಿಯರು ಮಾಡಲಿ. ಅದನ್ನು ಗೋದಲಿಯಲ್ಲಿ ಇಡುವುದು 24ರ ರಾತ್ರಿ ಪೂಜೆಯಿಂದ ಬಂದ ಮೇಲೆ.

ಇದು ಅನ್ಯರ ಪದ್ಧತಿಯಲ್ಲವೇ ಎಂದು ಕೆಲವರು ಕೇಳಬಹುದು. ನಾವು ತೆಗೆದುಕೊಳ್ಳುತ್ತಿರುವುದು ಕೈಯ ಕಸುಬನ್ನು, ಪೂಜೆಯನ್ನಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನೆಯ ಸಂವಿಧಾನದಲ್ಲಿ, ಮೂಢನಂಬಿಕೆಗೆ ಅಂಟಿಕೊಳ್ಳದ ಯಾವ ಜನಪದ್ಧತಿಯನ್ನೂ ಧರ್ಮಸಭೆ ಸಹಾನುಭೂತಿಯಿಂದ ನೋಡುತ್ತದೆ ಎಂದು ಹೇಳಿದೆ. ನಮ್ಮ ಬೆಳಗಾವಿ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ಧರಿಸಿ, ವಿರಕ್ತ ಮಠದ ಮಾದರಿಯಲ್ಲಿ ಬಾಳಿ ಸೇವೆ ಮಾಡಿದ್ದನ್ನು ಹಿರಿಯರು ಬಲ್ಲರು.

ಗೋದಲಿಯ ಸುತ್ತ ಹಸಿರು ಬೇಕಲ್ಲ? ಡಿಸೆಂಬರ್ 13 ಸಂತ ಲೂಸಿಯಮ್ಮನವರ ಹಬ್ಬ. ಅಂದು ಕ್ರೊಯೇಷಿಯಾ, ಹಂಗೇರಿ ದೇಶಗಳ ಕಥೋಲಿಕರು ತಟ್ಟೆಯಲ್ಲಿ ಗೋದಿ ಬಿತ್ತುತ್ತಾರೆ, ಕ್ರಿಸ್ಮಸ್ ಹೊತ್ತಿಗೆ ಅದು ಹಸಿರಾಗುತ್ತದೆ. ಕರಾವಳಿಯಲ್ಲಿ ರಾಗಿ ಮೊಳೆಸಿ ಗೋದಲಿಗೆ ಇಡುತ್ತಾರೆ. ನವರಾತ್ರಿಯ ಘಟ್ಟದಲ್ಲಿ ಸಸಿ ಬೆಳೆಸುವುದನ್ನು ಕಂಡ ನಮಗೆ ಇದು ಹೊಸದಲ್ಲ. ಹುಲ್ಲಿಗಂತೂ ಕೊರತೆಯೇ ಇಲ್ಲ. ಭತ್ತದ ಕೊಯ್ಲು ಮುಗಿದು ಹೊಸ ಹುಲ್ಲು ಮನೆಗೆ ಬರುವ ಕಾಲ ಇದು. ಒಂದು ಹಿಡಿ ಹುಲ್ಲನ್ನು ಪಕ್ಕದಲ್ಲಿಡಿ. ಮನೆಯಲ್ಲಿ ಯಾರಾದರೂ ಇನ್ನೊಬ್ಬರಿಗಾಗಿ ಏನಾದರೂ ಮಾಡಿದ ದಿನ, ಅಥವಾ ಬಾಯಿಗೆ ಬಂದ ಕೆಟ್ಟ ಮಾತನ್ನು ನುಂಗಿಕೊಂಡ ದಿನ, ಒಂದು ಎಳೆ ತೆಗೆದು ಗೋದಲಿಗೆ ಹಾಕಲಿ. ಯಾಕೆಂದು ಹೇಳಬೇಕಿಲ್ಲ. ಅಪ್ಪ ಹಾಕಿದ್ದನ್ನು ಮಕ್ಕಳು ಕಂಡರೆ ಅದರ ಬೆಲೆಯೇ ಬೇರೆ.

ಇನ್ನು ತಿಂಡಿ. ಮನೆಯ ಹೆಣ್ಣುಮಕ್ಕಳ ಬೆನ್ನು ಮುರಿಯುವ ಪದ್ಧತಿ ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಕರ್ಚಿಕಾಯಿಯೋ ಶಂಕರಪಾಳಿಯೋ ಒಂದೇ ಇರಲಿ, ಅದನ್ನು 23ರ ಸಂಜೆ ಗಂಡಸರೂ ಕೂತು ಮಾಡಲಿ. ನೆರೆಯವರು ವರ್ಷವಿಡೀ ಹೋಳಿಗೆ, ಉಂಡಿ, ಎಳ್ಳುಬೆಲ್ಲ ಕಳಿಸಿದ್ದಾರೆ; ತಟ್ಟೆ ಬರಿದಾಗಿ ಮರಳಬಾರದು. ಆ ತಟ್ಟೆಯನ್ನು ಮಕ್ಕಳ ಕೈಯಲ್ಲಿ ಕಳಿಸಿ, ಜೊತೆಗೆ "ಗೋದಲಿ ನೋಡಾಕ ಬರ್ರಿ" ಎಂದು ಕರೆಯಲಿ. ಬಂದವರಿಗೆ ಎತ್ತು ತಾನು ಮಾಡಿದ್ದೆಂದು ತೋರಿಸುವಾಗ ಮಗುವಿನ ಪ್ರಶ್ನೆಗೆ ಮಗುವೇ ಉತ್ತರ ಹೇಳುತ್ತಿರುತ್ತದೆ.

ಒಂದು ಮಾತು ಬಿಡುವಂತಿಲ್ಲ. ಈ ವರ್ಷ ಸಾವು ಕಂಡ ಮನೆಗಳಿವೆ. ನಮ್ಮ ಸೀಮೆಯಲ್ಲಿ ಅಂಥ ಮನೆಯವರು ಒಂದು ವರ್ಷ ಹಬ್ಬ ಮಾಡುವುದಿಲ್ಲ, ನಮ್ಮವರೂ ಹಾಗೆಯೇ ಕೈಕಟ್ಟಿ ಕೂರುತ್ತಾರೆ. ಕರಿಯುವುದು, ಹೊಸ ಬಟ್ಟೆ ಬೇಡವೆನಿಸಿದರೆ ಬೇಡ, ಯಾರೂ ಒತ್ತಾಯಿಸಬೇಡಿ. ಆದರೆ ಗೋದಲಿಯನ್ನು ಬಿಡಬೇಡಿ. ಅದು ಸಂಭ್ರಮದ ವಸ್ತುವಲ್ಲ. ಸ್ಥಳವಿಲ್ಲದವರ ನಡುವೆ ದೇವರು ಬಂದ ಗುರುತು. ತೀರಿಹೋದ ಅಜ್ಜ ಮಲಗುತ್ತಿದ್ದ ಮೂಲೆಯಲ್ಲಿಯೇ ಅದನ್ನು ಇಟ್ಟು, ಒಂದು ದೀಪ ಹಚ್ಚಿ, ಮನೆಮಂದಿ ಜಪಸರ ಹೇಳಿ. ದುಡಿಯಲು ಗೋವಾಕ್ಕೋ ಬೆಂಗಳೂರಿಗೋ ಹೋಗಿ ಬರಲಾಗದ ಮಗನಿದ್ದರೆ ಅವನ ಪಾಲಿನ ಹುಲ್ಲಿನ ಎಳೆಯನ್ನು ತಾಯಿ ಹಾಕಲಿ, ಫೋನಿನಲ್ಲಿ ಅವನಿಗೆ ಹೇಳಲಿ. ತಿಂಡಿಯ ತಟ್ಟೆ ಮೊದಲು ಹೋಗಬೇಕಾದ್ದೂ ದುಃಖದ ಮನೆಗೇ.

ಪ್ರಭುವಿನ ದೀಕ್ಷಾಸ್ನಾನದ ಹಬ್ಬದೊಡನೆ ಕ್ರಿಸ್ತಜಯಂತಿಯ ಕಾಲ ಮುಗಿಯುತ್ತದೆ. ಅಂದು ಬಾಲಯೇಸು, ಮರಿಯಮ್ಮ, ಜೋಸೆಫರನ್ನು ಬಟ್ಟೆಯಲ್ಲಿ ಸುತ್ತಿ ಮುಂದಿನ ವರ್ಷಕ್ಕೆ ತೆಗೆದಿಡಿ. ಎತ್ತು ಕುರಿಗಳನ್ನು ಮಕ್ಕಳೇ ಒಯ್ದು ಹೊಲದ ಮಣ್ಣಿಗೆ ಸೇರಿಸಲಿ, ಬರುವ ಆಗಮನ ಕಾಲದಲ್ಲಿ ಮತ್ತೆ ಮಾಡಿದರಾಯಿತು. ಸಸಿಯನ್ನೂ ಹುಲ್ಲನ್ನೂ ಬಿಸಾಡಬೇಡಿ. ಮನೆಯಲ್ಲಿ ದನವಿದ್ದರೆ ಅದರ ಗ್ವಾದಲಿಗೆ, ಇಲ್ಲದಿದ್ದರೆ ನೆರೆಮನೆಯ ಕರುವಿಗೆ ಹಾಕಿ ಬನ್ನಿ.