ಅಂಚೆಯ ಜರಡಿ

ಕಣದಲ್ಲಿ ರಾಶಿ ತೂರುವ ರೈತನು ಗಾಳಿಯ ವೇಗವನ್ನು ಗಮನಿಸುತ್ತಾನೆ. ಗಾಳಿ ಹೆಚ್ಚಾದರೆ ಜೊಳ್ಳಿನೊಡನೆ ಕಾಳೂ ಹಾರಿಹೋಗುತ್ತದೆ. ಕಡಿಮೆಯಾದರೆ ಜೊಳ್ಳು ಕಾಳಿನಲ್ಲಿಯೇ ಉಳಿಯುತ್ತದೆ. ಮಿಂಚಂಚೆಯಲ್ಲಿ ಬೇಡದ ಪತ್ರಗಳನ್ನು ಬೇರ್ಪಡಿಸುವ ಕೆಲಸವೂ ಇಂಥದೇ.

ಕಾಗದದ ಪತ್ರಕ್ಕೆ ಅಂಚೆಚೀಟಿ ಹಚ್ಚಬೇಕು. ಮಿಂಚಂಚೆಗೆ ತಗಲುವ ವೆಚ್ಚವಾದರೋ ಅತ್ಯಲ್ಪ. ಆದುದರಿಂದ ಒಂದೇ ಜಾಹೀರಾತನ್ನು ಸಾವಿರಾರು ಜನರಿಗೆ ಕಳುಹಿಸುವುದು ಸುಲಭ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬವರು ಅರ್ಪಾನೆಟ್ ಜಾಲದ ನೂರಾರು ಬಳಕೆದಾರರಿಗೆ ಒಂದು ಜಾಹೀರಾತನ್ನು ಕಳುಹಿಸಿದರು. ಇದನ್ನೇ ಮೊದಲ ಸ್ಪ್ಯಾಮ್ ಎಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ. ಇಂದು ಇಂಥ ಪತ್ರಗಳಲ್ಲಿ ಜನರ ಹಣ ದೋಚುವ ವಂಚನೆಯ ಪತ್ರಗಳೂ ಸೇರಿಕೊಂಡಿವೆ.

ಇವುಗಳನ್ನು ಗುರುತಿಸುವ ಸಾಧನಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಒಂದು. ಅಕ್ಷರಗಳ ವಿನ್ಯಾಸವನ್ನು ವರ್ಣಿಸುವ ಸೂತ್ರಕ್ಕೆ ಈ ಹೆಸರು. ಗಣಿತಜ್ಞ ಸ್ಟೀಫನ್ ಕ್ಲೀನಿ ಅವರು ನರಜಾಲಗಳ ಗಣಿತವನ್ನು ಅಭ್ಯಸಿಸುತ್ತ 1951ರಲ್ಲಿ ಇದರ ಮೂಲಕಲ್ಪನೆಯನ್ನು ರೂಪಿಸಿದರು. ಇಂಥ ಸೂತ್ರದಿಂದ ಬರಹದಲ್ಲಿ ಹುಡುಕುವ ಒಂದು ಕ್ರಮವನ್ನು ಕೆನ್ ಥಾಮ್ಸನ್ ಅವರು 1968ರಲ್ಲಿ ಪ್ರಕಟಿಸಿದರು. ‘₹[0-9,]+’ ಎಂಬ ಸೂತ್ರವನ್ನು ನೋಡಿರಿ. ರೂಪಾಯಿಯ ಚಿಹ್ನೆ, ಅದರ ಮುಂದೆ ಒಂದು ಅಥವಾ ಹೆಚ್ಚು ಅಂಕಿಗಳು ಅಥವಾ ಅಲ್ಪವಿರಾಮಗಳು ಎಂಬುದು ಇದರ ಅರ್ಥ. ₹500 ಮತ್ತು ₹25,00,000 ಎರಡೂ ಈ ಒಂದೇ ಸೂತ್ರಕ್ಕೆ ಸಿಗುತ್ತವೆ.

ಸೂತ್ರ ಬರೆಯುವುದು ಸುಲಭ. ಅದನ್ನು ಹದಗೊಳಿಸುವುದು ಕಷ್ಟ. ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಒಬ್ಬ ಅಡುಗೆ ಗುತ್ತಿಗೆದಾರನಿದ್ದಾನೆಂದು ಊಹಿಸಿರಿ. ಸಾಲ ಕೊಡುವೆವೆಂಬ ಪತ್ರಗಳ ಕಾಟ ತಾಳಲಾರದೆ ಅವನು ‘ಸಾಲ’ ಎಂಬ ಅಕ್ಷರಗಳಿರುವ ಪತ್ರಗಳನ್ನೆಲ್ಲ ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುವ ಸೂತ್ರ ಬರೆದನು. ಕಾಟವೇನೋ ನಿಂತಿತು. ಆದರೆ “ಭಾನುವಾರಕ್ಕೆ ನೂರು ಮಸಾಲೆ ದೋಸೆ ಬೇಕು” ಎಂಬ ಪತ್ರವೂ ಅಲ್ಲಿಗೇ ಹೋಯಿತು. ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಂಡಂತಾಯಿತು.

ಇದಕ್ಕೆ ಕಾರಣವೇನು? ಗಣಕಯಂತ್ರವು ಕನ್ನಡದ ಸ್ವರಚಿಹ್ನೆಗಳನ್ನು ವ್ಯಂಜನದ ಮುಂದೆ ಪ್ರತ್ಯೇಕ ಸಂಕೇತಗಳಾಗಿ ಇಡುತ್ತದೆ. ಅದರ ಲೆಕ್ಕದಲ್ಲಿ ‘ಮಸಾಲೆ’ಯೊಳಗೆ ‘ಸಾಲ’ ಅಡಗಿದೆ. ಕೊನೆಯ ಎತ್ವದ ಚಿಹ್ನೆಯಷ್ಟೇ ಹೆಚ್ಚು. ‘ಸಾಲುಮರ’, ‘ಸಾಲದು’ ಎಂಬ ಪದಗಳಲ್ಲಿಯೂ ಹೀಗೆಯೇ.

ಪರಿಹಾರವಾಗಿ ‘(^| )ಸಾಲ( |$)’ ಎಂದು ಬರೆಯಬಹುದು. ಇಲ್ಲಿ ^ ಸಾಲಿನ ಆರಂಭವನ್ನೂ $ ಅದರ ಅಂತ್ಯವನ್ನೂ ನಿಂತ ಗೆರೆಯು ‘ಅಥವಾ’ ಎಂಬುದನ್ನೂ ಸೂಚಿಸುತ್ತವೆ. ಪದದ ಎರಡು ಕಡೆಗಳಲ್ಲಿಯೂ ತೆರಪು ಅಥವಾ ಸಾಲಿನ ಅಂಚು ಇರಬೇಕೆಂದು ಇದರ ತಾತ್ಪರ್ಯ. ಮಸಾಲೆ ಪಾರಾಯಿತು. ಆದರೆ ‘ಸಾಲಕ್ಕೆ’, ‘ಸಾಲವನ್ನು’ ಎಂಬ ರೂಪಗಳೂ ತಪ್ಪಿಸಿಕೊಂಡವು! ಇಲ್ಲಿ ವ್ಯಾಕರಣವು ನೆರವಿಗೆ ಬರುತ್ತದೆ. ‘(^| )ಸಾಲ(ದ|ಕ್ಕೆ|ವನ್ನು)?( |$)’ ಎಂದರೆ ವಿಭಕ್ತಿರೂಪಗಳೂ ಸಿಗುತ್ತವೆ. ಪ್ರಶ್ನಾರ್ಥಕ ಚಿಹ್ನೆಯು ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂದು ಹೇಳುತ್ತದೆ. ಪದದ ಮುಂದೆ ಬರುವ ವಿರಾಮಚಿಹ್ನೆಗಳನ್ನೂ ಹೀಗೆಯೇ ಸೇರಿಸಬೇಕು.

ಇಷ್ಟಾದರೂ ತೊಡಕು ತೀರದು. ಸಹಕಾರ ಸಂಘದ ಪ್ರಾಮಾಣಿಕ ಪತ್ರದಲ್ಲಿಯೂ ಸಾಲದ ಮಾತಿರಬಹುದು. ಒಂದೇ ಸಾಕ್ಷ್ಯದಿಂದ ಯಾರನ್ನೂ ಅಪರಾಧಿಯೆನ್ನುವುದು ನ್ಯಾಯವಲ್ಲ. 2001ರಲ್ಲಿ ಹೊರಬಂದ ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶವು ಈ ತತ್ತ್ವವನ್ನೇ ಅನುಸರಿಸುತ್ತದೆ. ಅದರಲ್ಲಿ ಪ್ರತಿ ನಿಯಮಕ್ಕೂ ಅಂಕವುಂಟು; ಅನುಮಾನ ಹೆಚ್ಚಿಸುವ ನಿಯಮಗಳು ಅಂಕಗಳನ್ನು ಕೂಡಿಸುತ್ತವೆ, ವಿಶ್ವಾಸ ಮೂಡಿಸುವ ನಿಯಮಗಳು ಕಳೆಯುತ್ತವೆ. ಬಳಕೆದಾರನು ಬದಲಾಯಿಸದಿದ್ದರೆ, ಮೊತ್ತವು 5ನ್ನು ಮುಟ್ಟಿದಾಗ ಮಾತ್ರ ಪತ್ರವನ್ನು ಸ್ಪ್ಯಾಮ್ ಎಂದು ಗುರುತಿಸಲಾಗುತ್ತದೆ.

ಆದುದರಿಂದ ಹೊಸ ಸೂತ್ರವನ್ನು ಕೆಟ್ಟ ಪತ್ರಗಳ ಮೇಲೆ ಮಾತ್ರವಲ್ಲ, ಒಳ್ಳೆಯ ಪತ್ರಗಳ ಮೇಲೂ ಪರೀಕ್ಷಿಸಬೇಕು. ಸ್ಪ್ಯಾಮ್ ಪೆಟ್ಟಿಗೆಯನ್ನು ಆಗಾಗ ತೆರೆದು ನೋಡಬೇಕು. ಒಂದು ಜಾಹೀರಾತು ಒಳಗೆ ಬಂದರೆ ಅಳಿಸುವ ಶ್ರಮವಷ್ಟೇ. ಒಂದು ಒಳ್ಳೆಯ ಪತ್ರ ಕಾಣದೆ ಹೋದರೆ ಒಬ್ಬನ ದುಡಿಮೆಗೇ ನಷ್ಟವಾಗಬಹುದು. ಸೂತ್ರವು ಅಕ್ಷರಗಳನ್ನು ಬಲ್ಲುದು, ಅರ್ಥವನ್ನು ಅರಿಯದು. ಅದನ್ನು ಅರಿಯುವ ಹೊಣೆ ಸೂತ್ರ ಬರೆಯುವವನದು.