ಬೆಕ್ಕಿನ ಹೊತ್ತಿಗೆ ಹೊಂದಿಸಿಕೊಂಡ ಕುಮಟಾದ ಬೇಸಿಗೆ

ಬೇಸಿಗೆ ರಜೆಗೆ ಉತ್ತರ ಕನ್ನಡದ ಕರಾವಳಿಗೆ ಹೊರಡುವವರ ಯೋಜನೆ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ದಿನ ಜೋಗ, ಇಡಗುಂಜಿ, ಮುರ್ಡೇಶ್ವರ, ಎರಡನೆಯ ದಿನ ಹೊನ್ನಾವರ, ಯಾಣ, ಮೂರನೆಯ ದಿನ ಗೋಕರ್ಣ, ಸಂಜೆಗೆ ಮತ್ತೆ ಊರಿನ ದಾರಿ. ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ಓಡಿದವರಿಗೆ ಉಳಿಯುವುದು ಬೆವರು ಮತ್ತು ಫೋಟೊ. ಇಲ್ಲಿ ಬಿಸಿಲು ಸಾಮಾನ್ಯವಾಗಿ 34–35 ಡಿಗ್ರಿ ದಾಟದಿದ್ದರೂ ಗಾಳಿಯಲ್ಲಿರುವ ತೇವ ಮೈಯ ಬೆವರನ್ನು ಆರಲು ಬಿಡುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ನಂತರ ಸುತ್ತಾಡುವುದೆಂದರೆ ದಣಿವನ್ನು ಕೊಂಡುಕೊಂಡ ಹಾಗೆ.

ಜೊತೆಗೊಂದು ಬೆಕ್ಕಿದ್ದರೆ ಈ ಓಟ ಸಾಧ್ಯವೇ ಇಲ್ಲ, ಮತ್ತು ಅದು ಒಳ್ಳೆಯದೇ. ಬೆಕ್ಕಿಗೆ ಒಂದೇ ಮನೆ ಬೇಕು. ನೆರಳು ಬೇಕು, ಮಧ್ಯಾಹ್ನದ ನಿದ್ದೆ ಬೇಕು, ಹೊತ್ತಿಗೆ ಸರಿಯಾಗಿ ತನ್ನವರು ಮನೆಯಲ್ಲಿರಬೇಕು. ಕರಾವಳಿಯ ಬೇಸಿಗೆಯನ್ನು ಸವಿಯಲು ಮನುಷ್ಯರಿಗೆ ಬೇಕಾದದ್ದೂ ಇಷ್ಟೇ ಎಂದು ನಾನು ನಂಬಿದ್ದೇನೆ. ಆದ್ದರಿಂದ ನಾಲ್ಕಾರು ಗೆಳೆಯರು ಸೇರಿ ಹೊರಡುವುದಿದ್ದರೆ ಕುಮಟಾದ ಆಸುಪಾಸಿನಲ್ಲಿ ಒಂದು ಮನೆ ಹಿಡಿಯಿರಿ, ಒಂದು ವಾರ ಅಲ್ಲೇ ಇರಿ, ದಿನವನ್ನು ಬೆಕ್ಕಿನ ಹೊತ್ತಿಗೆ ಹೊಂದಿಸಿಕೊಳ್ಳಿ. ಇಲ್ಲಿಂದ ಮಿರ್ಜಾನ ಕೋಟೆ ಹತ್ತು–ಹನ್ನೊಂದು ಕಿಲೋಮೀಟರ್, ಹೊನ್ನಾವರ 20, ಗೋಕರ್ಣ ಮತ್ತು ಯಾಣ ಸುಮಾರು ಮೂವತ್ತು. ಯಾವುದಕ್ಕೆ ಹೋದರೂ ಊಟದ ಹೊತ್ತಿಗೆ ಮನೆಗೆ ಮರಳಬಹುದು.

ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಬೆಕ್ಕು ಬರಲೇಬೇಕೇ? ಅದು ಮನುಷ್ಯರನ್ನು ಎಷ್ಟು ಹಚ್ಚಿಕೊಳ್ಳುತ್ತದೋ ಜಾಗವನ್ನೂ ಅಷ್ಟೇ ಹಚ್ಚಿಕೊಳ್ಳುವ ಪ್ರಾಣಿ. ಎರಡು ಮೂರು ದಿನದ ಪ್ರವಾಸವಾದರೆ ಅದನ್ನು ಮನೆಯಲ್ಲೇ ಬಿಟ್ಟು, ಪರಿಚಯದವರೊಬ್ಬರು ದಿನಕ್ಕೆರಡು ಸಲ ಬಂದು ಊಟ, ನೀರು, ಅದರ ಶೌಚದ ಮಣ್ಣಿನ ತಟ್ಟೆ ನೋಡಿಕೊಂಡು ಸ್ವಲ್ಪ ಹೊತ್ತು ಜೊತೆ ಕೂತು ಹೋಗುವ ಏರ್ಪಾಡು ಮಾಡುವುದೇ ಪ್ರೀತಿಯ ಕೆಲಸ. ವಯಸ್ಸಾದ, ಕಾಯಿಲೆಯ ಅಥವಾ ಕಾರಿನ ಸದ್ದಿಗೇ ನಡುಗುವ ಬೆಕ್ಕನ್ನು ಬೇಸಿಗೆಯಲ್ಲಿ ದೂರ ಒಯ್ಯಲೇಬೇಡಿ. ವಾರ ಅಥವಾ ಅದಕ್ಕಿಂತ ಹೆಚ್ಚಿನ ವಾಸ್ತವ್ಯ, ಗಟ್ಟಿಮುಟ್ಟಾದ ಬೆಕ್ಕು, ಬುಟ್ಟಿಗೆ ಒಗ್ಗಿದ ಸ್ವಭಾವ, ಈ ಮೂರೂ ಇದ್ದರೆ ಮಾತ್ರ ಮುಂದಿನ ಮಾತು.

ಬುಟ್ಟಿಯ ತಯಾರಿ ಹೊರಡುವ ಹದಿನೈದು ದಿನ ಮೊದಲೇ ಶುರುವಾಗಬೇಕು. ಗಟ್ಟಿ ಪ್ಲಾಸ್ಟಿಕ್ಕಿನ, ಮೂರು ಕಡೆ ಗಾಳಿಯಾಡುವ ಬುಟ್ಟಿಯೇ ಒಳ್ಳೆಯದು. ಅದನ್ನು ಬಾಗಿಲು ತೆರೆದು ಹಾಲಿನ ಮೂಲೆಯಲ್ಲಿಡಿ, ಒಳಗೆ ನಿಮ್ಮ ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹಾಸಿ, ಊಟವನ್ನು ಅಲ್ಲೇ ಕೊಡಿ. ತಾನಾಗಿ ಒಳಹೊಕ್ಕು ಮಲಗತೊಡಗಿದ ಮೇಲೆ ಬೀದಿಯ ತುದಿಯವರೆಗೊಂದು, ಊರಾಚೆಗೊಂದು ಸಣ್ಣ ಕಾರು ಸುತ್ತು. ರೇಬೀಸ್ ಲಸಿಕೆ ಮತ್ತು ಬೆಕ್ಕುಗಳ ಸಂಯುಕ್ತ ಲಸಿಕೆಯ ಅವಧಿ ಮುಗಿದಿಲ್ಲವೆಂದು ನೋಡಿಕೊಂಡು ಲಸಿಕೆಯ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಿ. ಕತ್ತಿನ ಪಟ್ಟಿಯಲ್ಲಿ ಫೋನ್ ನಂಬರ್ ಇರಲಿ. ನಿದ್ದೆ ಮಾತ್ರೆಯ ಯೋಚನೆ ಬಂದರೆ ಅದು ವೈದ್ಯರ ಮಾತಿನ ಮೇಲೆ ಮಾತ್ರ. ನಮ್ಮ ಜ್ವರದ ಪ್ಯಾರಸಿಟಮಾಲ್ ಬೆಕ್ಕಿಗೆ ಒಂದೇ ಮಾತ್ರೆಯಾದರೂ ಪ್ರಾಣಾಂತಿಕ. ನಾಯಿಗಳಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಉಣ್ಣೆ ಔಷಧಿಯೂ ಹಾಗೆಯೇ.

ಬೆಂಗಳೂರಿನಿಂದ ಶಿವಮೊಗ್ಗ, ಸಾಗರ, ಹೊನ್ನಾವರದ ಮೇಲೆ ಕುಮಟಾ 450 ಕಿಲೋಮೀಟರಿಗೆ ಮೇಲೆಯೇ ಆಗುತ್ತದೆ. ಸ್ವಂತ ಕಾರು ಅಥವಾ ಇಡೀ ಬಾಡಿಗೆ ಕಾರೇ ಬೆಕ್ಕಿಗೆ ಹಿತ. ರೈಲಿನಲ್ಲಾದರೆ ಎಸಿ ಮೊದಲ ದರ್ಜೆಯ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿರಬೇಕು, ಪಾರ್ಸಲ್ ಕಚೇರಿಯಲ್ಲಿ ಬೆಕ್ಕಿನ ಶುಲ್ಕ ಕಟ್ಟಬೇಕು. ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಬೇಸಿಗೆಯ ಹೊತ್ತು ಬೆಕ್ಕನ್ನು ಕಳಿಸುವ ಯೋಚನೆ ಬೇಡ. ಕಾರಿನಲ್ಲಿ ನಸುಕಿನ ನಾಲ್ಕು ಗಂಟೆಗೆ ಹೊರಟರೆ ಬಿಸಿಲೇರುವ ಮೊದಲು ಅರ್ಧ ದಾರಿ ಮುಗಿದಿರುತ್ತದೆ. ಹೊರಡುವ ನಾಲ್ಕು ಗಂಟೆ ಮೊದಲೇ ಬೆಕ್ಕಿನ ಊಟ ಮುಗಿದಿರಲಿ. ಸಾಗರ ದಾಟಿದ ಮೇಲೆ ಘಟ್ಟದ ತಿರುವುಗಳು ಶುರು, ತುಂಬಿದ ಹೊಟ್ಟೆಯ ಬೆಕ್ಕು ಅಲ್ಲಿ ಜೊಲ್ಲು ಸುರಿಸಿ ವಾಂತಿ ಮಾಡುತ್ತದೆ. ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿ ಬೆಲ್ಟಿನಿಂದ ಬಿಗಿದು, ಮೇಲೊಂದು ತೆಳು ಬಟ್ಟೆ ಹೊದಿಸಿ. ಕೂಗಿತೆಂದು ತೊಡೆಯ ಮೇಲೆ ತೆಗೆದುಕೊಳ್ಳಬೇಡಿ. ನೀರು ಕೊಡುವಾಗಲೂ ಕಾರಿನ ಎಲ್ಲ ಬಾಗಿಲು, ಗಾಜು ಮುಚ್ಚಿರಲಿ. ದಾರಿಯಲ್ಲಿ ತಿಂಡಿಗೆ ನಿಂತರೆ ಒಬ್ಬರು ಎಸಿ ಹಾಕಿಕೊಂಡು ಬೆಕ್ಕಿನ ಜೊತೆ ಕೂರಬೇಕು. ಬಿಸಿಲಿಗೆ ನಿಂತ ಕಾರಿನೊಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರುತ್ತದೆ. ಬೆಕ್ಕು ನಾಯಿಯಂತೆ ಸುಮ್ಮನೆ ಏದುವ ಪ್ರಾಣಿಯಲ್ಲ. ಅದು ಬಾಯಿ ತೆರೆದು ಏದುತ್ತಿದೆ, ತೂರಾಡುತ್ತಿದೆ ಎಂದರೆ ಅಪಾಯದ ಸೂಚನೆ. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿ, ಗಾಳಿ ಹಾಕುತ್ತ ಹತ್ತಿರದ ಪಶು ಆಸ್ಪತ್ರೆಗೆ ಧಾವಿಸಿ. ಐಸ್ ನೀರು ಬೇಡ. ದಾರಿಯ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸರ್ಕಾರಿ ಪಶು ಆಸ್ಪತ್ರೆ ಇದೆ.

ಜೋಗ ದಾರಿಯಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕಾಣುವುದು 253 ಮೀಟರಿನ ಬಂಡೆ ಮತ್ತು ಅದರ ಮೇಲೊಂದೆರಡು ತೆಳುಧಾರೆ. ಬಿಟ್ಟು ಮುಂದೆ ಹೋಗಿ, ಮಳೆಗಾಲಕ್ಕೆ ಮತ್ತೆ ಬನ್ನಿ.

ಮನೆ ಆರಿಸುವಾಗ ನೋಡಬೇಕಾದದ್ದು ಸಮುದ್ರದ ನೋಟವನ್ನಲ್ಲ, ಮಾಡನ್ನು. ಈ ಕಡೆಯ ಹಳೆಯ ಹಂಚಿನ ಮನೆಗಳು ಬೇಸಿಗೆಗೆ ಬಲು ತಂಪು. ಆದರೆ ಗೋಡೆಗೂ ಹಂಚಿಗೂ ನಡುವೆ ಗಾಳಿಗೆಂದು ಬಿಟ್ಟ ಸಂದಿ ಬೆಕ್ಕಿಗೆ ರಾಜಮಾರ್ಗ. ಅಟ್ಟ ಹತ್ತಿ, ಆ ಸಂದಿಯಲ್ಲಿ ತೂರಿ, ಪಕ್ಕದ ತೋಟಕ್ಕಿಳಿದರೆ ಹುಡುಕುವುದು ಕಷ್ಟ. ಕನಿಷ್ಠ ಒಂದು ಕೋಣೆಗಾದರೂ ಮುಚ್ಚಿಗೆ ಇರಬೇಕು, ಕಿಟಕಿಗೆ ಸೊಳ್ಳೆ ಜಾಲರಿ ಇರಬೇಕು. ಬೆಕ್ಕು ಬರುತ್ತದೆಂದು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಅವರ ಮನೆಯಲ್ಲೇ ಬೆಕ್ಕು ನಾಯಿಗಳಿವೆಯೇ ಕೇಳಿ. ಅಂಗಳದ ಬಾವಿಗೆ ಕಟ್ಟೆ, ಬಲೆ ಇದೆಯೇ ಎಂಬುದನ್ನೂ ವಿಚಾರಿಸಿ. ಮೊದಲ ರಾತ್ರಿ ಬೆಕ್ಕಿಗೆ ಆ ಒಂದೇ ಕೋಣೆ. ಮನೆಯಿಂದ ತಂದ ಬಟ್ಟೆ, ಅದೇ ತಟ್ಟೆ, ಅದೇ ಮಣ್ಣು. ಮಂಚದಡಿ ಅಡಗಿದರೆ ಎಳೆಯಬೇಡಿ. ಹಸಿವಾದಾಗ ಅದೇ ಬರುತ್ತದೆ. ಎರಡು ದಿನ ಕಳೆದ ಮೇಲೆ ಉಳಿದ ಕೋಣೆಗಳು. ಅಂಗಳವೇನಿದ್ದರೂ ಎದೆಪಟ್ಟಿ, ಹಗ್ಗದೊಂದಿಗೆ, ಬೆಳಕಿರುವಾಗ. ಬೇಸಿಗೆಯ ಸಂಜೆ ಹಾವುಗಳು ಹೊರಬರುವ ಹೊತ್ತು.

ಗೆಳೆಯರ ಜೊತೆ ಹೊರಡುವ ಮುನ್ನವೇ ಎರಡು ಮಾತು ಆಡಿಕೊಳ್ಳಿ. ಯಾರಿಗಾದರೂ ಬೆಕ್ಕಿನ ಕೂದಲಿಂದ ಸೀನು, ಉಬ್ಬಸ ಬರುವುದುಂಟೇ? ಉಂಟೆಂದರೆ ಬೆಕ್ಕು ಬೇಡ, ಗೆಳೆಯರು ಬರಲಿ. ಎರಡನೆಯದು ಬಾಗಿಲಿನ ಹೊಣೆ. ಒಳಗೆ ಬಂದವರು ಹಿಂತಿರುಗಿ ನೋಡಿ ಅಗಳಿ ಹಾಕಲೇಬೇಕು. ಜನ ಹೆಚ್ಚಾದಷ್ಟೂ ‘ಅವರು ಹಾಕಿರುತ್ತಾರೆ’ ಎಂಬ ನಂಬಿಕೆ ಬೆಳೆಯುತ್ತದೆ.

ಇನ್ನು ದಿನಗಳು. ಬೆಕ್ಕು ಐದು ಗಂಟೆಗೆ ಎಬ್ಬಿಸುತ್ತದೆ, ಅದನ್ನು ವರವೆಂದೇ ತಿಳಿಯಿರಿ. ಊಟ ಹಾಕಿ, ಒಂದಿಷ್ಟು ಆಡಿಸಿ ಆರಕ್ಕೆ ಮನೆ ಬಿಟ್ಟರೆ ಕರಾವಳಿಯ ಬೆಳಗು ಇಡೀ ನಿಮ್ಮದು. ಒಂದು ದಿನ ಮಿರ್ಜಾನ ಕೋಟೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಅದು. ಮಳೆಗಾಲದಲ್ಲಿ ಹಸಿರು ಪಾಚಿ ಹೊದ್ದಿರುವ ಅದರ ಚಿರೆಕಲ್ಲಿನ ಗೋಡೆಗಳು ಬೇಸಿಗೆಯಲ್ಲಿ ತಮ್ಮ ಕೆಮ್ಮಣ್ಣಿನ ಬಣ್ಣಕ್ಕೆ ಮರಳಿರುತ್ತವೆ, ಬೆಳಗಿನ ಬಿಸಿಲಲ್ಲಿ ಅವನ್ನು ನೋಡಲೇಬೇಕು. ಇನ್ನೊಂದು ದಿನ ಯಾಣ. ಕಾಡಿನ ನೆರಳಲ್ಲೇ ನಡೆದು ಹೋಗಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡ ಸೇರುವ ಈ ದಾರಿ ಬೇಸಿಗೆಗೂ ಹಿತ. ಕಪ್ಪು ಬಂಡೆಯ ಸೀಳಿನೊಳಗೆ ನಿಂತರೆ ಹೊರಗಿನ ತಿಂಗಳು ಮರೆತುಹೋಗುತ್ತದೆ.

ನನ್ನ ಮನಸ್ಸು ಹೆಚ್ಚು ಎಳೆಯುವುದು ಅಘನಾಶಿನಿಯ ಕಡೆಗೆ. ಶಿರಸಿ ಬಳಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಸಮುದ್ರ ಸೇರುವ ನದಿ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುವುದು ಕೆಲವೇ ನಿಮಿಷದ ಕೆಲಸ. ಬೆಳಗಿನ ಇಳಿತ ಇದ್ದರೆ ಅಳಿವೆಯ ಮೊಣಕಾಲು ನೀರಲ್ಲಿ ಹೆಂಗಸರು ಗಂಡಸರು ಬಾಗಿ ಬೆಳಚು ಎಂಬ ಚಿಪ್ಪಿ ಆರಿಸುತ್ತಿರುತ್ತಾರೆ. ಇಳಿತ ಭರತದ ಹೊತ್ತು ದಿನದಿನಕ್ಕೂ ಮುಂದೆ ಸರಿಯುವುದರಿಂದ ಹಿಂದಿನ ಸಂಜೆಯೇ ಊರವರನ್ನು ಕೇಳಿಕೊಳ್ಳಿ. ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಮಳೆ ಬರುವ ಮುನ್ನ ಉಪ್ಪು ಎಳೆದು ಬಿಳಿ ಗುಡ್ಡೆ ಮಾಡುವ ಕೆಲಸವನ್ನು ನೋಡಲು ಇದೇ ಕಾಲ. ಕೆಲಸಕ್ಕೆ ಅಡ್ಡಿಯಾಗದಂತೆ ಬದುವಿನ ಮೇಲೆ ನಿಂತು ನೋಡಿ, ಒಂದು ಚೀಲ ಉಪ್ಪು ಕೊಂಡುಕೊಳ್ಳಿ.

ಹತ್ತೂವರೆಯೊಳಗೆ ಮನೆ. ಬಾವಿಕಟ್ಟೆಯ ಸ್ನಾನ, ಒಂದು ಲೋಟ ಮುರುಗಲು ಹಣ್ಣಿನ ಪಾನಕ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವುದು ಇದನ್ನೇ. ಊಟಕ್ಕೆ ಮನೆಯವರನ್ನು ಅಪ್ಪೆಹುಳಿ ಕೇಳಿ. ಮಾವಿನಕಾಯಿ ಬೇಯಿಸಿ ಕಿವುಚಿ, ನೀರಾಗಿ ಮಾಡಿ, ಸೂಜಿಮೆಣಸು ಇಂಗಿನ ಒಗ್ಗರಣೆ ಕೊಟ್ಟದ್ದನ್ನು ಅನ್ನಕ್ಕೆ ಕಲಸಿ, ಮಿಕ್ಕದ್ದನ್ನು ಲೋಟದಲ್ಲಿ ಕುಡಿದರೆ ನಿದ್ದೆ ತಾನಾಗಿ ಬರುತ್ತದೆ. ಮೂರೂವರೆಯವರೆಗೆ ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಗಾರೆ ನೆಲದ ಮೇಲೆ ಚಾಪೆ, ಫ್ಯಾನಿನಡಿ ಉದ್ದಕ್ಕೆ ಚಾಚಿ ಮಲಗಿದ ಬೆಕ್ಕು, ಒಬ್ಬರ ಕೈಯಲ್ಲಿ ಪುಸ್ತಕ, ಇನ್ನಿಬ್ಬರ ನಡುವೆ ಹಳೆಯ ಕತೆ. ಕಾಲೇಜು ಬಿಟ್ಟ ಮೇಲೆ ಗೆಳೆಯರಿಗೆ ಒಟ್ಟಿಗೆ ಸಿಗದೇ ಹೋದದ್ದು ಇಂಥ ಮಧ್ಯಾಹ್ನಗಳೇ. ಪ್ರವಾಸದ ಪಟ್ಟಿಯಲ್ಲಿ ಇದಕ್ಕೆ ಮೊದಲ ಜಾಗ ಕೊಡಿ. ಮನೆಯವರು ಅಂಗಳದಲ್ಲಿ ಹಲಸಿನ ಹಪ್ಪಳ ಹಚ್ಚುತ್ತಿದ್ದರೆ ಕೈಜೋಡಿಸಿ, ಹಿಟ್ಟಿನ ರುಚಿ ನೋಡುವ ಹಕ್ಕು ಸಿಗುತ್ತದೆ.

ಮಾವಿನ ವಿಷಯದಲ್ಲಿ ಒಂದೇ ಹೆಸರು ನೆನಪಿಡಿ: ಕರಿ ಇಶಾಡು. ಅಂಕೋಲೆಯ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಿಪ್ಪೆ ತೆಳು, ತಿರುಳು ಧಾರಾಳ, ಪರಿಮಳ ಕೋಣೆ ತುಂಬುತ್ತದೆ. ದೂರದ ಪೇಟೆಗೆ ಹೋಗಿ ಉಳಿಯುವ ಹಣ್ಣಲ್ಲ, ಇಲ್ಲೇ ತಿನ್ನಬೇಕು. ಮೇ ತಿಂಗಳಲ್ಲಿ ಅಂಕೋಲೆಯ ಪೇಟೆಯಲ್ಲಿ ಬುಟ್ಟಿಯಿಟ್ಟು ಕೂತ ಹಾಲಕ್ಕಿ ಹೆಂಗಸರ ಬಳಿ ಕೊಳ್ಳಿ.

ಮೀನಿನೂಟ ಮಾಡುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆಂಬುದು ಗೊತ್ತಿರಲಿ, ಅದಕ್ಕೆ ಮೊದಲೇ ಬನ್ನಿ. ಬಂಗಡೆಯ ವಾಸನೆ ಹಿಡಿದು ಬೆಕ್ಕು ಅಡುಗೆಮನೆ ಬಾಗಿಲಲ್ಲಿ ಕೂರುತ್ತದೆ. ಉಪ್ಪು, ಮಸಾಲೆ ಯಾವುದೂ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು ಒಂದು ತುಂಡು ಕೊಡಬಹುದು. ಒಣಮೀನು ಬೇಡ. ಹಾಲೂ ಬೇಡ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಅರಗುವುದಿಲ್ಲ, ಪ್ರವಾಸದಲ್ಲಿ ಭೇದಿ ಹಿಡಿದರೆ ಎಲ್ಲರಿಗೂ ಸಂಕಟ.

ಸಂಜೆ ಸಮುದ್ರಕ್ಕೆ. ಬೆಕ್ಕನ್ನು ಕಡಲತೀರಕ್ಕೆ ಒಯ್ಯುವ ಆಸೆ ಬೇಡ. ಅಲೆಯ ಸದ್ದು, ಬೀದಿನಾಯಿಗಳು, ಕಾದ ಮರಳು, ಇದರಲ್ಲಿ ಅದಕ್ಕೆ ಸುಖವೆಂಬುದಿಲ್ಲ. ಕುಮಟಾದ ಸುತ್ತಲೇ ಬಾಡ, ಕಡ್ಲೆ, ಧಾರೇಶ್ವರದ ತೀರಗಳಿವೆ, ಗೋಕರ್ಣದಷ್ಟು ಜನವಿಲ್ಲ. ಗೋಕರ್ಣಕ್ಕೆ ಒಂದು ಸಂಜೆ ಸಾಕು: ಕುಡ್ಲೆಯಿಂದ ಓಂ ತೀರಕ್ಕೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದು ಸೂರ್ಯ ಮುಳುಗುವುದನ್ನು ನೋಡಿ. ಈಜು ಬಂದರೂ ಸೊಂಟದ ನೀರು ದಾಟಬೇಡಿ, ಬಂಡೆಗಳ ಬಳಿ ಇಳಿಯಲೇಬೇಡಿ. ಮೇ ಕೊನೆಗೆ ಮುಂಗಾರು ಹತ್ತಿರವಾದಂತೆ ಕಡಲು ಕೆರಳುತ್ತದೆ. ಮಕ್ಕಳು ಜೊತೆಗಿದ್ದರೆ ಹೊನ್ನಾವರದ ಕಾಸರಕೋಡ ತೀರಕ್ಕೆ ಹೋಗಿ. 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಆ ತೀರ ಚೊಕ್ಕಟವಾಗಿದೆ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡೆದಾರಿಯೂ ಇದೆ.

ಊರಿನ ಬಯಲಿನಲ್ಲಿ ಯಕ್ಷಗಾನದ ಆಟವಿದೆಯೆಂದು ಮೈಕು ಕೂಗಿಕೊಂಡು ಹೋದರೆ ಬಿಡಬೇಡಿ. ಮೇಳಗಳ ತಿರುಗಾಟ ಮಳೆಗೆ ಮೊದಲು ಮುಗಿಯುತ್ತದೆ. ಒಬ್ಬರು ಬೆಕ್ಕಿನ ಜೊತೆ ಮನೆಯಲ್ಲುಳಿದು ನಡುರಾತ್ರಿಯ ಹೊತ್ತಿಗೆ ಇನ್ನೊಬ್ಬರಿಗೆ ಸರದಿ ಬಿಡಬಹುದು. ಕೇಳಿದರೆ ಮನೆಯವರಲ್ಲೇ ಯಾರಾದರೂ ಕಾಯಲು ಒಪ್ಪುತ್ತಾರೆ.

ಮರಳುವ ಹಿಂದಿನ ಸಂಜೆ ಹೆದ್ದಾರಿ ಬದಿಯ ಅಳ್ವೆಕೋಡಿಗೆ ಹೋಗಿ ಕುಮಟಾದ ಸಿಹಿ ಈರುಳ್ಳಿ ಕೊಳ್ಳಿ. ಜಡೆ ಹೆಣೆದು ಸಾಲಾಗಿ ನೇತುಹಾಕಿರುತ್ತಾರೆ. ಎಲೆ ಪೂರಾ ಒಣಗಿದ, ಬುಡ ಗಟ್ಟಿಯಿರುವ ಜಡೆಯನ್ನೇ ಆರಿಸಿ, ಮನೆಯಲ್ಲಿ ಗಾಳಿಯಾಡುವಲ್ಲಿ ತೂಗುಹಾಕಿದರೆ ಮಳೆಗಾಲಕ್ಕೂ ಉಳಿಯುತ್ತದೆ. ಕಾರಿನಲ್ಲಿ ಮಾತ್ರ ಅದು ಡಿಕ್ಕಿಗೆ ಹೋಗಲಿ, ಬೆಕ್ಕಿನ ಬುಟ್ಟಿಯ ಪಕ್ಕಕ್ಕಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ ಬೇಯಿಸಿದ್ದಾಗಿರಲಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಮನೆಯಲ್ಲೂ ಅದರ ನೆಗೆತಕ್ಕೆ ಎಟುಕದ ಎತ್ತರದಲ್ಲಿ ಮೊಳೆ ಹೊಡೆಯಿರಿ. ಇಶಾಡು ಹಣ್ಣು ಒಯ್ಯುವುದಿದ್ದರೆ ಗಟ್ಟಿಯಿರುವಾಗಲೇ ಹುಲ್ಲಿನಲ್ಲಿ ಹುದುಗಿಸಿ, ಬಿಸಿಲು ಬೀಳದ ಕಡೆ ಇಟ್ಟು, ಊರು ಮುಟ್ಟಿದ ದಿನವೇ ಬಿಡಿಸಿ ನೋಡಿ.