ಕ್ರೆಶೆಂಡೊ ಎಂಬ ಮಾತಿನ ಅರ್ಥವೂ ಉಪಯೋಗವೂ

ಸ್ವರಲಿಪಿಯೊಡನೆ ಅಚ್ಚಾದ ಇಂಗ್ಲಿಷ್ ಗೀತಪುಸ್ತಕವನ್ನು ತೆರೆದು ನೋಡಿರಿ. ಗೀತದ ಮಾತುಗಳು ಇಂಗ್ಲಿಷಾಗಿದ್ದರೂ ಅದನ್ನು ಹಾಡತಕ್ಕ ರೀತಿಯನ್ನು ತಿಳಿಸುವ ಮಾತುಗಳು ಬಹುಮಟ್ಟಿಗೆ ಇಟಲಿ ದೇಶದ ಭಾಷೆಯವುಗಳಾಗಿರುವವು. ಯಾಕಂದರೆ ಹದಿನೇಳನೆಯ ಶತಮಾನದಲ್ಲಿ ಸಂಗೀತದ ವಿಷಯವಾಗಿ ಇಟಲಿಯವರ ಮಾತೇ ಯೂರೋಪಿನಲ್ಲೆಲ್ಲಾ ನಡೆಯುತ್ತಿತ್ತು. ಅಂಥ ಮಾತುಗಳಲ್ಲಿ ಕ್ರೆಶೆಂಡೊ ಎಂಬದು ಒಂದು. ಹದಿನೆಂಟನೆಯ ಶತಮಾನದಿಂದ ಅದು ಇಂಗ್ಲಿಷಿನಲ್ಲಿಯೂ ಸೇರಿಕೊಂಡಿದೆ. ಆದರೆ ಸೇರಿದ ಮೇಲೆ ಅದರ ಅರ್ಥವು ಅನೇಕರ ಬಾಯಲ್ಲಿ ಕೆಟ್ಟುಹೋಯಿತು.

ಈ ಮಾತಿಗೆ ಕನ್ನಡದಲ್ಲಿ “ಬೆಳೆಯುತ್ತಾ” ಎಂದು ಹೇಳಿದರೆ ಸರಿಯಾಗುವದು. “ಬೆಳೆದು” ಎಂದಲ್ಲ, “ಬೆಳವಣಿಗೆಯ ತುದಿ” ಎಂದೂ ಅಲ್ಲ. ಇದರ ಮೂಲವು ಬೆಳೆಯುವದೆಂಬರ್ಥವುಳ್ಳ ಕ್ರೆಸ್ಕೆರೆ ಎಂಬ ಲ್ಯಾಟಿನ್ ಮಾತು. ಬಿದಿಗೆಯ ಚಂದ್ರನಿಗೆ ಇಂಗ್ಲಿಷಿನವರು ಕ್ರೆಸೆಂಟ್ ಎನ್ನುವದು ಇದೇ ಮೂಲದಿಂದಲೇ. ಅದು ತುಂಬಿದ ಚಂದ್ರನಲ್ಲ, ತುಂಬುತ್ತಿರುವ ಚಂದ್ರನು. ಜೆರೋಮನು ನಾಲ್ಕನೆಯ ಶತಮಾನದ ಅಂತ್ಯದಲ್ಲಿ ತಿದ್ದಿದ ಲ್ಯಾಟಿನ್ ಸುವಾರ್ತೆಗಳಲ್ಲಿ ಯೋಹಾನ ೩:೩೦ನ್ನು ನೋಡಿದರೆ, ಸ್ನಾನಿಕನಾದ ಯೋಹಾನನು ಕರ್ತನ ವೃದ್ಧಿಯನ್ನು ಕುರಿತು ಹೇಳುವಲ್ಲಿ ಈ ಕ್ರೆಸ್ಕೆರೆ ಎಂಬ ಮಾತೇ ಇದೆ. ತಾನು ಕಡಿಮೆಯಾಗುವದನ್ನು ಹೇಳುವಲ್ಲಿರುವ ಮಾತಾದರೋ, ಧ್ವನಿಯನ್ನು ಕ್ರಮವಾಗಿ ತಗ್ಗಿಸಬೇಕೆಂದು ಸೂಚಿಸುವ ಡಿಮಿನುವೆಂಡೊ ಎಂಬ ಸಂಗೀತಪದಕ್ಕೆ ಬಂಧುವಾದದ್ದು. ಹೀಗೆ ಸಂಗೀತಗಾರರ ಜೋಡಿಮಾತುಗಳೆರಡರ ಬೇರುಗಳೂ ಒಂದೇ ವಚನದಲ್ಲಿ ಕೂಡಿಬಂದಿವೆ.

ಪುಸ್ತಕದಲ್ಲಿ ಕ್ರೆಶೆಂಡೊವಿನ ಗುರುತು ಎರಡು ಗೆರೆಗಳು. ಅವು ಎಡಗಡೆಯಲ್ಲಿ ಒಂದೇ ಬಿಂದುವಿನಿಂದ ಹೊರಟು ಬಲಗಡೆಗೆ ಬರಬರುತ್ತಾ ಅಗಲವಾಗುವವು. ಕೆಲವು ಕಡೆ ಗೆರೆಗಳಿಗೆ ಬದಲಾಗಿ ಆ ಮಾತಿನ ಮೊದಲ ಅಕ್ಷರಗಳನ್ನೇ ಅಚ್ಚುಹಾಕುವರು. ಗುರುತನ್ನು ಕಂಡ ಕೂಡಲೆ ಕೂಗಬೇಕೆಂದು ಎಣಿಸುವವರು ಬಹುಮಂದಿ. ಅದು ತಪ್ಪು. ಗೆರೆಗಳು ಕೂಡಿರುವ ಸ್ಥಳದಲ್ಲಿ ಧ್ವನಿಯು ಇನ್ನೂ ಮೆಲ್ಲಗೆ ಇರಬೇಕು. ಆಗಲ್ಲದೆ ಬೆಳೆಯುವದಕ್ಕೆ ಸ್ಥಳವೆಲ್ಲಿ? ಇದನ್ನು ನಮ್ಮ ದೇಶದ ಸಂಗೀತದ ಆರೋಹಣವೆಂದೂ ತಿಳಿಯಬಾರದು. ಆರೋಹಣದಲ್ಲಿ ಸ್ವರವು ಮೇಲಕ್ಕೆ ಏರುತ್ತದೆ. ಕ್ರೆಶೆಂಡೊದಲ್ಲಿ ಬಲವು ಮಾತ್ರ ಹೆಚ್ಚುತ್ತದೆ, ಸ್ವರವು ಇಳಿಯುತ್ತಿದ್ದರೂ ಸರಿಯೇ. ತಾಳವನ್ನು ಓಡಿಸುವದೂ ಇದರಲ್ಲಿ ಸೇರಿಲ್ಲ. ಅದಕ್ಕೆ ಅಚೆಲೆರಾಂಡೊ ಎಂಬ ಬೇರೆ ಮಾತುಂಟು.

ಇದರ ಶಕ್ತಿಯನ್ನು ಚೆನ್ನಾಗಿ ಬಲ್ಲವನು ಇಟಲಿಯ ರೊಸ್ಸೀನಿ (೧೭೯೨–೧೮೬೮). ಒಂದು ಚಿಕ್ಕ ಪಲುಕನ್ನು ತಿರಿತಿರಿಗಿ ನುಡಿಸಿ, ಪ್ರತಿಸಾರಿಯೂ ವಾದ್ಯಗಳನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿ ಕೇಳುವವರನ್ನು ಎಬ್ಬಿಸುವದು ಅವನ ಪದ್ಧತಿ. ಅದರಿಂದ ಅವನಿಗೆ “ಕ್ರೆಶೆಂಡೊ ಮಹಾಶಯ” ಎಂಬ ಅಡ್ಡಹೆಸರೇ ಬಂತು. ಫ್ರಾನ್ಸಿನ ರಾವೆಲನು ೧೯೨೮ರಲ್ಲಿ ರಚಿಸಿದ ಬೊಲೆರೊ ಎಂಬ ಕೃತಿಯು ಮೊದಲಿನಿಂದ ಕೊನೆಯ ವರೆಗೂ ಒಂದೇ ಕ್ರೆಶೆಂಡೊ. ಒಂದು ಚಿಕ್ಕ ಮದ್ದಳೆಯೂ ಒಂದು ಕೊಳಲೂ ಬಹು ಮೆಲ್ಲಗೆ ಆರಂಭಿಸುವವು; ತಾಳವು ಬದಲಾಗುವದಿಲ್ಲ; ಸುಮಾರು ಕಾಲು ಗಂಟೆಯಲ್ಲಿ ವಾದ್ಯವೃಂದವೆಲ್ಲಾ ಗರ್ಜಿಸುವದು.

ಹೀಗಿರಲು ಇಂಗ್ಲಿಷಿನಲ್ಲಿ “ಗದ್ದಲವು ಕ್ರೆಶೆಂಡೊವಿಗೆ ಮುಟ್ಟಿತು” ಎಂದು ಬರೆಯುವ ವಾಡಿಕೆಯು ಹುಟ್ಟಿತು. ಅಮೇರಿಕದ ಫಿಟ್ಜೆರಾಲ್ಡನು ೧೯೨೫ರಲ್ಲಿ ಪ್ರಕಟಿಸಿದ ದಿ ಗ್ರೇಟ್ ಗ್ಯಾಟ್ಸ್‌ಬಿ ಎಂಬ ಕಥಾಗ್ರಂಥದಲ್ಲಿಯೂ ಈ ಬಳಕೆಯಿದೆ. ಇದು ಗುಡ್ಡದ ದಾರಿಯನ್ನೇ ಗುಡ್ಡದ ತುದಿಯೆಂದು ಕರೆದ ಹಾಗಾಯಿತು. ನಿಘಂಟುಗಳು ಈಗ ಎರಡು ಅರ್ಥಗಳನ್ನೂ ಕೊಡುತ್ತವೆ. ಮಾತು ಆಡುವವರ ವಶವಾದದ್ದರಿಂದ ಹಾಗೆ ಬರೆಯುವವರನ್ನು ಮೂಢರೆನ್ನುವದು ನ್ಯಾಯವಲ್ಲ. ಆದರೂ ತುದಿಗೆ ಇಂಗ್ಲಿಷಿನಲ್ಲಿ ಬೇರೆ ಮಾತುಗಳು ಎಷ್ಟೋ ಇವೆ. ಕ್ರಮವಾಗಿ ಬಲವೇರುವದನ್ನು ಒಂದೇ ಪದದಲ್ಲಿ ಹೇಳಲು ಇದರಷ್ಟು ಒಳ್ಳೆಯದು ಸಿಕ್ಕುವದು ಕಷ್ಟ.

ಹಾಡುವವರಿಗಂತೂ ಹಳೆಯ ಅರ್ಥವೇ ಬೇಕು. ಗುರುತು ಬಂದಾಗ ಹಾರ್ಮೋನಿಯಂ ನುಡಿಸುವವರು ತಿದಿಯನ್ನು ಒಮ್ಮೆಗೇ ಒತ್ತದೆ ಸಾಲುಸಾಲಿಗೆ ಗಾಳಿಯನ್ನು ಹೆಚ್ಚಿಸಲಿ. ಹಾಡುವವರು ಮೊದಲನೆಯ ಸಾಲಿಗೆ ಅರ್ಧ ಧ್ವನಿಯನ್ನು ಮಾತ್ರ ಕೊಟ್ಟು, ಕಡೇ ಸಾಲಿಗಿಂತ ಮುಂಚೆ ತುಂಬ ಉಸಿರು ತೆಗೆದುಕೊಳ್ಳಲಿ.